ಲಾನಿನಲ್ಲೊಂದು ಖಡಕ್ವಾಸಲಾ

ಮಳೆಗಾಲದ ಭಾನುವಾರ ಪುಣೆಯ ಜನ ನೀರು ನೋಡೋಕೆ ಖಡಕ್ವಾಸಲಾ ಅಣೆಕಟ್ಟಿಗೆ ಹೋಗುತ್ತಾರೆ. ನಮಗೆ ಆ ಖರ್ಚಿಲ್ಲ. ಸಿಂಹಗಡ ರಸ್ತೆಯ ನಮ್ಮ ರೋ ಹೌಸ್ ಮುಂದೆ 20 ಅಡಿ ಉದ್ದದ ಲಾನ್ ಇದೆ. ನಾಲ್ಕು ಮಳೆ ಬಿದ್ದರೆ ಅದೂ ತುಂಬುತ್ತದೆ. ಗೇಟು ಎತ್ತಿ ನೀರು ಬಿಡುವ ಸೌಕರ್ಯ ಮಾತ್ರ ಇಲ್ಲ.

"ಸಾಹೇಬ್, ತಳಂ ಝಾಲಂ" ಎಂದರು ತೋಟ ನೋಡಿಕೊಳ್ಳುವ ಮಾಳಿ ಕಾಕಾ. ಕೆರೆಯಾಯಿತು ಅಂತ. ಚಪ್ಪಲಿ ಕೈಯಲ್ಲಿ ಹಿಡಿದು ಹೋದವರು ವಾರವಿಡೀ ಬರಲಿಲ್ಲ.

ನಾನೇ ಕೈ ಹಾಕಿದೆ. ಮೊದಲು ಪರೀಕ್ಷೆ. ಒಂದಡಿ ಗುಂಡಿ ತೋಡಿ ನೀರು ತುಂಬಬೇಕು. ಇಂಗಿದ ಮೇಲೆ ಮತ್ತೆ ತುಂಬಿ, ಗಂಟೆಗೆ ಎಷ್ಟು ಇಳಿಯುತ್ತದೆ ಅಂತ ಸ್ಕೇಲ್ ಇಟ್ಟು ನೋಡಬೇಕು. ಒಂದು ಇಂಚಾದರೂ ಇಳಿಯದಿದ್ದರೆ ಮಣ್ಣು ಸರಿಯಿಲ್ಲ ಅಂತ ಲೆಕ್ಕ. ನನ್ನ ಗುಂಡಿಯಲ್ಲಿ ಗಂಟೆಯ ನಂತರ ನೀರು ಅರ್ಧ ಇಂಚು ಏರಿತ್ತು. ನಡುವೆ ಒಂದು ಮಳೆ ಬಂದು ಹೋಗಿತ್ತು.

ಜಿಗುಟು ಮಣ್ಣಿಗೆ ಮರಳು ಬೆರೆಸಿದರೆ ನೀರು ಇಳಿಯುತ್ತದೆ ಅಂತ ಯಾರೋ ಹೇಳಿದರು. ಒಂದು ಟೆಂಪೊ ಮರಳು ತರಿಸಿದೆ. ಅರ್ಧ ಬೆರೆಸುವಷ್ಟರಲ್ಲಿ ಬೆನ್ನು ಹೋಯಿತು. ನಾಲ್ಕು ದಿನ ಬಿಸಿಲು ಬಿದ್ದದ್ದೇ ತಡ, ಲಾನ್ ಬ್ಯಾಡ್ಮಿಂಟನ್ ಕೋರ್ಟ್ ಆಯಿತು. ಮಗ ಖುಷಿಯಾಗಿ ರ‍್ಯಾಕೆಟ್ ತಂದ.

ಆಮೇಲೆ ಕಂಟ್ರಾಕ್ಟರ್ ಬಂದು 'ಫ್ರೆಂಚ್ ಡ್ರೈನ್' ಮಾಡಿಸಿ ಅಂದ. "ರೀ, ಚರಂಡಿಗೂ ಫ್ರಾನ್ಸೇ ಬೇಕಾ?" ಎಂದಳು ಹೆಂಡತಿ. ಅದಕ್ಕೂ ಫ್ರಾನ್ಸಿಗೂ ಸಂಬಂಧವಿಲ್ಲ, ಅಮೆರಿಕದ ಹೆನ್ರಿ ಫ್ರೆಂಚ್ ಎಂಬ ವಕೀಲರು 1859ರಲ್ಲಿ ಇದರ ಬಗ್ಗೆ ಬರೆದಿದ್ದರಿಂದ ಆ ಹೆಸರು ಅಂತ ನಾನು ವಿವರಿಸಿದೆ. ಕಾಲುವೆ ತೋಡಿ, ತೂತಿನ ಪೈಪ್ ಇಟ್ಟು, ಸುತ್ತ ಜಲ್ಲಿ ತುಂಬುವುದು, ಅಷ್ಟೇ. ಅವಳು ಕೇಳಿದ್ದು ರೇಟು. ಅದನ್ನು ನಾನು ವಿವರಿಸಲಿಲ್ಲ.

ಅಷ್ಟರಲ್ಲಿ ಗದಗಿನಿಂದ ಅಪ್ಪ ಬಂದರು. ಬ್ಯಾಗು ಇಳಿಸುವ ಮೊದಲೇ ಲಾನ್ ಮೆಟ್ಟಿ ನೋಡಿದರು.

"ಎರಿ ಮಣ್ಣಿಗೆ ಉಸುಕು ಹಾಕೀಯೇನಲೇ? ಗಚ್ಚು ಮಾಡಿಟ್ಟೀಯಲ್ಲೋ! ತಿಪ್ಪಿಗೊಬ್ಬರ ಹಾಕಬೇಕಿತ್ತು."

ಮರಳಿನ ಸಂದುಗಳಿಗೆ ನುಣ್ಣನೆ ಜಿಗುಟು ಮಣ್ಣು ತುಂಬಿಕೊಂಡರೆ ನೀರಿಗೆ ದಾರಿ ಎಲ್ಲಿ? ಹೊಲ ಮಾಡಿದವರಿಗೆ ಗೊತ್ತು. ಫ್ರೆಂಚ್ ಡ್ರೈನ್ ವಿಷಯ ತೆಗೆದೆ. ಪೂರ್ತಿ ಕೇಳಿ, "ಬಸಿಗಾಲುವಿ ಅನ್ನಲಾ" ಎಂದರು.

ಮರುದಿನ ಮಳೆ ಹಿಡಿಯಿತು. ನಾನು ಲಾನ್ ನೋಡುತ್ತಾ ನಿಂತಿದ್ದೆ, ಅಪ್ಪ ಗೋಡೆ ನೋಡುತ್ತಿದ್ದರು. "ಮಾಳಿಗಿ ನೀರೆಲ್ಲಾ ಇಲ್ಲೇ ಬೀಳಾಕತ್ತೈತಲ್ಲೋ!"

ದಾಸವಾಳದ ಗಿಡದ ಹಿಂದೆ ಟೆರೇಸಿನ ಪೈಪ್, ಬಾಯಿ ನೇರ ಲಾನಿಗೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಟೆರೇಸ್ 75 ಚದರ ಮೀಟರ್. 50 ಮಿಲಿಮೀಟರ್ ಮಳೆಗೆ 3,750 ಲೀಟರ್! ಬೇಸಿಗೆಯಲ್ಲಿ ದುಡ್ಡು ಕೊಟ್ಟು ಟ್ಯಾಂಕರ್ ತರಿಸುವವರು ನಾವು. ಮಳೆಗಾಲದಲ್ಲಿ ಅಷ್ಟು ನೀರನ್ನು ಪುಕ್ಕಟೆ ಲಾನಿಗೆ ಸುರಿಯುತ್ತಿದ್ದೆವು.

ಪ್ಲಂಬರ್ ಒಂದು ಮೊಳಕೈ ಪೈಪ್ ಹಾಕಿ ನೀರನ್ನು ಗಟಾರಕ್ಕೆ ತಿರುಗಿಸಿದ. ಹತ್ತು ನಿಮಿಷದ ಕೆಲಸ. ಈಗ ಮಳೆ ನಿಂತ ಸ್ವಲ್ಪ ಹೊತ್ತಿಗೆ ಹುಲ್ಲು ಕಾಣುತ್ತದೆ, ಹುಲ್ಲು ಉಳಿದಿರುವ ಕಡೆ. ಮಾಳಿ ಕಾಕಾ ಮತ್ತೆ ಬರುತ್ತಿದ್ದಾರೆ.

ಅರ್ಧ ಟೆಂಪೊ ಮರಳು ಗೇಟಿನ ಪಕ್ಕ ಹಾಗೇ ಬಿದ್ದಿದೆ. ನಿನ್ನೆ ಪಕ್ಕದ ಮನೆಯವರು ಬಂದು ಅದನ್ನು ಕೊಳ್ಳೋಕೆ ರೇಟು ಕೇಳಿದರು. ಅವರ ಲಾನಿನಲ್ಲೂ ನೀರು ನಿಲ್ಲುತ್ತದಂತೆ. ಬೇಡ ಅಂತ ಹೇಳಬೇಕು. ಸದ್ಯಕ್ಕೆ, ಯೋಚಿಸಿ ಹೇಳ್ತೀನಿ ಅಂದಿದ್ದೇನೆ.