ಗಾಡಿ ಓಡಿಸೋದು ಹೇಗೆ ಅಂತ ನನಗೆ ತಿಳಿಸಿಕೊಟ್ಟಿದ್ದಾರಂತೆ

ಸಹಿ ಹಾಕಬಾರದಿತ್ತು. ಮೈಸೂರಿಂದ ಮನೆ ಮುಟ್ಟುವವರೆಗೂ ತಲೆಯಲ್ಲಿ ಇದೊಂದೇ. ಊಟಕ್ಕೆ ಕೂತೆ, ಸೇರಲಿಲ್ಲ. ಈಗ ರಾತ್ರಿ ಹನ್ನೊಂದು ಗಂಟೆ. ಸರ್ವೀಸ್ ಸೆಂಟರಿನವರು ಕೊಟ್ಟ ಆ ಹಳದಿ ಕಾಗದ ಮೇಜಿನ ಮೇಲೆ ಬಿದ್ದಿದೆ, ಕೆಳಗೆ ನನ್ನದೇ ಸಹಿ. ಇಂಗ್ಲಿಷಿನಲ್ಲಿ ಬರೆದಿದ್ದಾರೆ, ಅರ್ಥ ಇಷ್ಟು: ಗಾಡಿಯಲ್ಲಿ ದೋಷ ಇಲ್ಲ, ಸರಿಯಾಗಿ ಓಡಿಸುವ ಕ್ರಮವನ್ನು ಗ್ರಾಹಕರಿಗೆ ತಿಳಿಸಿಕೊಡಲಾಗಿದೆ, ಗ್ರಾಹಕರು ತೃಪ್ತರಾಗಿದ್ದಾರೆ.

ತೃಪ್ತರಾಗಿದ್ದಾರೆ! ಯಾರು ತೃಪ್ತರಾದದ್ದು?

8.3. ನನ್ನ ಹೊಸ ಟರ್ಬೊ ಡೀಸೆಲ್ ಪಿಕಪ್ ಲೀಟರಿಗೆ ಓಡುವ ಕಿಲೋಮೀಟರ್ ಇಷ್ಟೇ. ಇದು ಬಾಯಿಮಾತಿನ ಲೆಕ್ಕ ಅಲ್ಲ. ಪಂಪಿನಲ್ಲಿ ನಾಜಲ್ ತಾನಾಗಿ ಕಟ್ ಆಗುವವರೆಗೆ ಟ್ಯಾಂಕ್ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಮುಂದಿನ ಸಲ ಮತ್ತೆ ಅದೇ ರೀತಿ ತುಂಬಿಸಿ ತೆಗೆದ ಲೆಕ್ಕ. 417 ಕಿಲೋಮೀಟರಿಗೆ 50.2 ಲೀಟರ್. ಅದಕ್ಕೆ ಮೊದಲು 402ಕ್ಕೆ 47.9. ಅದಕ್ಕೂ ಮೊದಲು 388ಕ್ಕೆ 45.6. ಎಲ್ಲ ಡೈರಿಯಲ್ಲಿ ಬರೆದಿಟ್ಟಿದ್ದೇನೆ, ದಿನಾಂಕ, ಪಂಪಿನ ಬಿಲ್ಲು, ಅವತ್ತು ಎಷ್ಟು ಮೂಟೆ ಹೇರಿದ್ದೆ ಅನ್ನೋದೂ ಸೇರಿ. ತೋಟದ ಲೆಕ್ಕ ಬರೆಯುವವನಿಗೆ ಗಾಡಿಯ ಲೆಕ್ಕ ಬರೆಯೋದು ಎಂತ ಕಷ್ಟ?

ಗಾಡಿ ಕೊಡುವಾಗ ಶೋರೂಮಿನವರು ಹೇಳಿದ್ದು 14. 'ಕಣ್ಣು ಮುಚ್ಚಿ ಹದಿನಾಲ್ಕು ಬರುತ್ತೆ ಸರ್' ಅಂತ. ನಾನು ಬಿಡಿಸಿ ಕೇಳಿದ್ದೆ. ನಮ್ಮದು ಕೊಡಗಿನ ಮಾದಾಪುರದ ಕಡೆ, ಮನೆಯಿಂದ ಡಾಂಬರು ರಸ್ತೆಗೆ ಬರೋದಕ್ಕೇ ಎರಡು ಏರು, ಮಳೆಗಾಲದಲ್ಲಿ ನಾಲ್ಕೂ ಚಕ್ರ ಎಳೆದರೂ ಸಾಲದು, ಅಲ್ಲಿಗೂ ಹದಿನಾಲ್ಕೇನಾ ಅಂತ. 'ಟರ್ಬೊ ಸರ್, ಏರು ಅಂತ ಅನ್ನಿಸೋದೇ ಇಲ್ಲ' ಅಂದಿದ್ದರು. ನಂಬಿದೆ. ಹಳೇ ಜೀಪು ಮಾರಿದೆ. ಆ ಜೀಪಿಗೆ ಟರ್ಬೊ ಇಲ್ಲ, ಏಸಿ ಇಲ್ಲ, ಬಾಗಿಲು ಸರಿಯಾಗಿ ಹಾಕೋಕೆ ಆಗ್ತಿರಲಿಲ್ಲ, ಆದರೂ ಇದೇ ರಸ್ತೆಯಲ್ಲಿ, ಇಷ್ಟೇ ಲೋಡಿಗೆ 11 ಕೊಡುತ್ತಿತ್ತು. ಆಯುಧಪೂಜೆಯ ದಿನವೇ ಹೊಸ ಗಾಡಿ ಮನೆಗೆ ತಂದು, ನಿಂಬೆಹಣ್ಣು ಇಟ್ಟು, ಹೂ ಹಾಕಿ, ಅಕ್ಕಪಕ್ಕದವರಿಗೆಲ್ಲ ಸಿಹಿ ಹಂಚಿದ್ದೆವು.

ಇವತ್ತಿನದು ಹೇಳುತ್ತೇನೆ.

ಮಗಳನ್ನು ಹಾಸ್ಟೆಲಿಂದ ಕರೆದುಕೊಂಡು ಬರಬೇಕಿತ್ತು. ಹೇಗೂ ಮೈಸೂರಿಗೆ ಹೋಗ್ತೇನೆ, ಸರ್ವೀಸ್ ಸೆಂಟರಿಗೆ ಮೂರನೇ ಸಲ ದೂರು ಕೊಟ್ಟು ಇದಕ್ಕೊಂದು ದಾರಿ ಮಾಡಿಸೋಣ ಅಂತ ಅವಳನ್ನೂ ಕೂರಿಸಿಕೊಂಡೇ ಹೋದೆ. ಅದೇ ತಪ್ಪಾಯಿತು. ಅವಳು ಇಲ್ಲದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲವೋ ಏನೋ.

ಅಡ್ವೈಸರ್ ಹುಡುಗ, ಇಪ್ಪತ್ತೈದು ಇರಬಹುದು. ಡೈರಿ ಮುಂದಿಟ್ಟೆ. ತೆರೆದೂ ನೋಡಲಿಲ್ಲ. 'ಡೈರಿ ಎಲ್ಲ ಬೇಡ ಸರ್, ಡಿಸ್‌ಪ್ಲೇ ಎಷ್ಟು ತೋರಿಸುತ್ತೆ?' ಅಂದ. 10.6 ತೋರಿಸುತ್ತದೆ, ಆದರೆ ಹಾಕಿದ ಡೀಸೆಲಿಗೂ ಅದಕ್ಕೂ ತಾಳೆ ಆಗೋದಿಲ್ಲಪ್ಪ, ಅದೂ ಒಂದು ದೂರು ಅಂತ ಬರೆದುಕೋ ಅಂದೆ. 'ಪಂಪಿನವರು ಕಮ್ಮಿ ಹಾಕಿರ್ತಾರೆ ಸರ್.' ಸುಂಟಿಕೊಪ್ಪ, ಕುಶಾಲನಗರ, ಸೋಮವಾರಪೇಟೆ, ಮೂರು ಊರಿನ ಮೂರು ಪಂಪಿನಲ್ಲಿ ಹಾಕಿಸಿದ್ದೇನೆ. ಮೂರು ಜನರೂ ಮಾತಾಡಿಕೊಂಡು ಒಂದೇ ಅಳತೆಯಲ್ಲಿ ಕಮ್ಮಿ ಹಾಕಿದರಾ? ಅದಕ್ಕೆ ಉತ್ತರ ಇಲ್ಲ. 'ಬನ್ನಿ ಸರ್, ಒಂದು ರೌಂಡ್ ಹೋಗಿಬರೋಣ' ಅಂದ.

ನಾನು ಡ್ರೈವರ್ ಸೀಟಿನ ಕಡೆ ಹೊರಟೆ. ಅವನು ಕೈ ಅಡ್ಡ ಹಿಡಿದು, 'ನೀವು ಈ ಕಡೆ ಕೂತ್ಕೊಳ್ಳಿ ಸರ್, ನಾನು ತೋರಿಸ್ತೀನಿ' ಅಂದ. ನನ್ನ ಗಾಡಿಯ ಎಡಗಡೆ ಸೀಟಿನಲ್ಲಿ ನಾನು ಕೂತದ್ದು ಇವತ್ತೇ ಮೊದಲು. ಮಗಳು ಹಿಂದೆ. ಗಾಡಿ ಖಾಲಿ, ಒಂದು ಮೂಟೆಯೂ ಇಲ್ಲ. ಹತ್ತಿದ ತಕ್ಷಣ ಏಸಿ ಆರಿಸಿದ. ರಿಂಗ್ ರಸ್ತೆಗೆ ತಂದ, ಅಂಗೈ ಹಾಗೆ ಸಪಾಟು. ಟ್ರಿಪ್ ಸೊನ್ನೆ ಮಾಡಿ, ಐದನೇ ಗೇರಿಗೆ ಹಾಕಿ, ಅರವತ್ತರಲ್ಲಿ ಹಿಡಿದು, 'ನೋಡಿ ಸರ್, ಆಕ್ಸಿಲರೇಟರ್ ಮೇಲೆ ಹೂವಿನ ಮೇಲೆ ಇಟ್ಟ ಹಾಗೆ ಕಾಲಿಡಬೇಕು. ನೀವು ಹಳೇ ಜೀಪು ಓಡಿಸಿದವರು ನೋಡಿ, ತುಳಿದುಬಿಡ್ತೀರ. ಗೇರು ಬೇಗ ಬೇಗ ಮೇಲೆ ಹಾಕಿ, 1,500 ಆರ್‌ಪಿಎಂ ದಾಟಿಸಬೇಡಿ' ಅಂದ. ನಾನು ಸುಮ್ಮನಿದ್ದೆ. ಎಂತಕ್ಕೆ ಸುಮ್ಮನಿದ್ದೆ ಅಂತ ಈಗ ಕೇಳಿದರೆ ಗೊತ್ತಿಲ್ಲ. ಡಿಸ್‌ಪ್ಲೇಯಲ್ಲಿ 14.8 ಬಂತು. ಬೆರಳಿಟ್ಟು ತೋರಿಸಿದ. ಆಮೇಲೆ ಕನ್ನಡಿಯಲ್ಲಿ ಹಿಂದೆ ನೋಡಿ ನಗುತ್ತಾ ಹೇಳಿದ: 'ಮೇಡಂ, ಅಪ್ಪಂಗೆ ನೀವು ಸ್ವಲ್ಪ ಹೇಳಿಕೊಡಿ.'

ಆ ಹುಡುಗಿಗೆ ಸ್ಟೀರಿಂಗ್ ಹಿಡಿಯೋದು ಕಲಿಸಿದ್ದು ನಾನು. ನಮ್ಮ ಕಣದಲ್ಲಿ, ಕಾಫಿ ಹರಡದ ದಿನಗಳಲ್ಲಿ, ಹಾಫ್ ಕ್ಲಚ್ಚಿನಲ್ಲಿ ಏರಿನಲ್ಲಿ ಗಾಡಿ ನಿಲ್ಲಿಸೋದು ಹೇಗೆ, ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಬಾರದು ಎಂತಕ್ಕೆ ಅಂತ ಒಂದೊಂದೇ ಹೇಳಿಕೊಟ್ಟವನು ನಾನು. ಮೂವತ್ತೊಂದು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಮಕ್ಕಂದೂರು, ಮಾದಾಪುರ ಕಡೆಯ ರಸ್ತೆಗಳೇ ಕೊಚ್ಚಿಕೊಂಡು ಹೋದಾಗ, ಉಳಿದ ಅರ್ಧ ರಸ್ತೆಯಲ್ಲಿ ಆ ಹಳೇ ಜೀಪಿನಲ್ಲಿ ಜನರನ್ನು ಇಳಿಸಿದವರಲ್ಲಿ ನಾನೂ ಒಬ್ಬ. ನನಗೆ ಹೂವಿನ ಪಾಠ!

ವಾಪಸ್ ಬಂದ ಮೇಲೆ ಆ ಕಾಗದ ನೀಡಿದ. ಕೀ ಅವನ ಕೈಯಲ್ಲೇ ಇತ್ತು. 'ಇಲ್ಲೊಂದು ಸೈನ್ ಸರ್, ಗೇಟ್ ಪಾಸ್ ಆಗಬೇಕು.' ಗಂಟೆ ಮೂರೂವರೆ. ಕತ್ತಲಾಗುವ ಮೊದಲು ಮನೆ ಸೇರಬೇಕು, ವಾರದಿಂದ ನಮ್ಮ ಕಡೆ ಆನೆ ಓಡಾಟ ಜೋರಾಗಿದೆ. ಓದಿದೆ. ಓದಿಯೇ ಸಹಿ ಹಾಕಿದೆ. ಓದದೆ ಹಾಕಿದೆ ಅಂತ ಸುಳ್ಳು ಹೇಳೋದಿಲ್ಲ. ಗೇಟು ದಾಟಿದ ಮೇಲೆ ಮಗಳು ಕೇಳಿದಳು, 'ಅಪ್ಪಾ, ಅದಕ್ಕೆ ಯಾಕೆ ಸೈನ್ ಹಾಕಿದ್ರಿ?'

ಹುಣಸೂರು ದಾಟುವವರೆಗೂ ನಾನು ಬಾಯಿ ಬಿಡಲಿಲ್ಲ.

ಪಿರಿಯಾಪಟ್ಟಣದ ಹತ್ತಿರ ಅವಳೇ ಮೊಬೈಲ್ ತೆಗೆದು ಲೆಕ್ಕ ಹಾಕಿದಳು. ಇಂಜಿನಿಯರಿಂಗ್ ಓದುತ್ತಾಳೆ. ಕುಶಾಲನಗರದಿಂದ ಮಡಿಕೇರಿಗೆ 30 ಕಿಲೋಮೀಟರ್, ಅಷ್ಟರಲ್ಲಿ ರಸ್ತೆ 300 ಮೀಟರಿಗೂ ಹೆಚ್ಚು ಮೇಲೇರುತ್ತದೆ. ಗಾಡಿ, ಲೋಡು ಎಲ್ಲ ಸೇರಿ ಮೂರು ಟನ್ ಅಂತ ಹಿಡಿದರೆ, ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತೋದಕ್ಕೇ ಮುಕ್ಕಾಲು ಲೀಟರಿಗೂ ಮೇಲೆ ಡೀಸೆಲ್ ಬೇಕು. ಮುಂದಕ್ಕೆ ಓಡಿಸುವ ಡೀಸೆಲ್ ಬೇರೆ, ಇದು ಬರೀ ಎತ್ತುವ ಖರ್ಚು. ಇಳಿಯುವಾಗ ವಾಪಸ್ ಬರುತ್ತಲ್ಲ ಅಂದರೆ, ಅರ್ಧಕ್ಕರ್ಧ ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ರಿಂಗ್ ರಸ್ತೆಯಲ್ಲಿ ಎಂತ ಏರು ಇತ್ತು ಅಂತ ಅವನು 14.8 ತೋರಿಸಿದ್ದು ಅಂತ ಅವಳೇ ಕೇಳಿದಳು. ಅದನ್ನೇ ಅವನ ಮುಂದೆ ನಾನು ಕೇಳಬೇಕಿತ್ತು.

ಕಂಪನಿ ಹೇಳುವ ಮೈಲೇಜ್ ಎಲ್ಲಿಂದ ಬರುತ್ತದೆ ಗೊತ್ತಾ? ಗಾಡಿಯನ್ನು ಕೋಣೆಯೊಳಗೆ ರೋಲರ್ ಮೇಲೆ ನಿಲ್ಲಿಸಿ, ಗೊತ್ತುಪಡಿಸಿದ ವೇಗದಲ್ಲಿ ಸುಮಾರು 20 ನಿಮಿಷ ಓಡಿಸುತ್ತಾರೆ. ಗಂಟೆಗೆ 90 ಕಿಲೋಮೀಟರ್ ದಾಟೋದಿಲ್ಲ. ಏರಿಲ್ಲ, ತಿರುವಿಲ್ಲ, ಕೆಸರಿಲ್ಲ, ಐವತ್ತು ಕಿಲೋದ ಮೂಟೆಗಳಿಲ್ಲ. ಎಲ್ಲ ಗಾಡಿಗೂ ಒಂದೇ ಅಳತೆ ಬೇಕು, ಅದಕ್ಕೆ ಹಾಗೆ ಮಾಡುತ್ತಾರೆ, ಅದು ತಪ್ಪಲ್ಲ. ಆದರೆ ಆ ಸಂಖ್ಯೆಯನ್ನು ತಂದು ಕೊಡಗಿನವನ ಮುಂದೆ 'ಕಣ್ಣು ಮುಚ್ಚಿ' ಅಂತ ಹೇಳುತ್ತೀರಲ್ಲ, ಅದು ತಪ್ಪು.

ಟರ್ಬೊ ಅಂದರೆ ಎಂತ ಅಂತ ನನಗೆ ಕೊನೆಗೆ ತಿಳಿಸಿದ್ದು ಸುಂಟಿಕೊಪ್ಪದ ಹಳೇ ಮೇಸ್ತ್ರಿ. ಸೈಲೆನ್ಸರಿಗೆ ಹೋಗುವ ಹೊಗೆಯ ರಭಸಕ್ಕೆ ಒಂದು ಸಣ್ಣ ಚಕ್ರ ತಿರುಗುತ್ತದೆ, ಅದು ಹೊರಗಿನ ಗಾಳಿಯನ್ನು ಒತ್ತಿ ಇಂಜಿನಿನೊಳಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಡೀಸೆಲ್ ಹೆಚ್ಚು ಸುಡಬಹುದು, ಅದಕ್ಕೇ ಶಕ್ತಿ ಹೆಚ್ಚು. ಶಕ್ತಿ ಪುಕ್ಕಟೆ ಬರೋದಿಲ್ಲ. ಇಂಜಿನ್ ನಿಧಾನ ತಿರುಗುವಾಗ ಹೊಗೆಯ ರಭಸ ಸಾಲದು, ಟರ್ಬೊ ಮಲಗಿರುತ್ತದೆ. ನಮ್ಮಲ್ಲಿ ಪ್ರತಿ ತಿರುವಿನಲ್ಲೂ ಎರಡನೇ ಗೇರಿಗೆ ಇಳಿಯಲೇಬೇಕು. ಇಳಿದ ಕೂಡಲೇ ಅದು ಮಲಗುತ್ತದೆ, ಏರು ಎದುರಿಗಿದೆ, ತುಳಿಯದೆ ವಿಧಿ ಇಲ್ಲ. ಮೂಟೆ ಹೇರಿಕೊಂಡು ಆ ಹುಡುಗ ಹೇಳಿದ ಹಾಗೆ 1,500ರೊಳಗೆ ಮೇಲಿನ ಗೇರು ಹಾಕಿದರೆ ಗಾಡಿ ಏದುಸಿರು ಬಿಟ್ಟು ತಿರುವಿನ ನಡುವೆಯೇ ನಿಲ್ಲುತ್ತದೆ. ಹಿಂದೆ ಬಸ್ಸು ಬರುತ್ತಿದ್ದರೆ ಎಂತ ಮಾಡೋದು?

ಇದಕ್ಕಿಂತ ಹೊಟ್ಟೆ ಉರಿಸೋದು ಆ ಫಿಲ್ಟರ್. 2020ರ ಏಪ್ರಿಲ್‌ನಿಂದ ಬಿಎಸ್ 6 ಅನ್ನೋ ಹೊಗೆಯ ನಿಯಮ ಬಂತು, ಡೀಸೆಲ್ ಗಾಡಿಗೆ ಡಿಪಿಎಫ್ ಅನ್ನೋ ಈ ಫಿಲ್ಟರ್ ಬಂತು. ಹೊಗೆಯ ಮಸಿಯನ್ನು ಅದು ಹಿಡಿದಿಡುತ್ತದೆ. ಒಳ್ಳೆಯದೇ, ನಮ್ಮ ಮಕ್ಕಳು ಕುಡಿಯುವ ಗಾಳಿ, ನನ್ನ ತಕರಾರಿಲ್ಲ. ಆದರೆ ತುಂಬಿದ ಮಸಿಯನ್ನು ಗಾಡಿ ತಾನೇ ಸುಡಬೇಕು, ಸುಡೋದಕ್ಕೆ ಫಿಲ್ಟರ್ ಕೆಂಡದ ಹಾಗೆ ಕಾಯಬೇಕು, ಕಾಯಿಸೋದಕ್ಕೆ ಇಂಜಿನ್ ಹೆಚ್ಚು ಡೀಸೆಲ್ ಸುರಿಯುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವವನಿಗೆ ಇದು ತಿಳಿಯೋದೂ ಇಲ್ಲ. ನನ್ನ ಓಡಾಟ ಎಂತದ್ದು? ರೋಬಸ್ಟಾ ಕುಯ್ಲು ನಡೀತಿದೆ. ತೋಟದಿಂದ ಕಣಕ್ಕೆ ಎರಡು ಕಿಲೋಮೀಟರ್, ಕಣದಿಂದ ಮನೆಗೆ ಒಂದು, ಮನೆಯಿಂದ ಸೊಸೈಟಿಗೆ ನಾಲ್ಕು. ಇಂಜಿನ್ ಕಾಯುವ ಹೊತ್ತಿಗೆ ನಿಲ್ಲಿಸಬೇಕು. ಮಸಿ ಸುಡೋಕೆ ಶುರುವಾಗಿ ಅರ್ಧಕ್ಕೆ ನಿಲ್ಲುತ್ತದೆ, ಮತ್ತೆ ಶುರು, ಮತ್ತೆ ಅರ್ಧಕ್ಕೆ. ಪ್ರತಿ ಸಲವೂ ಡೀಸೆಲ್ ನನ್ನದು. ಕೊನೆಗೆ ದೀಪ ಹತ್ತುತ್ತದೆ. ದೀಪ ಹತ್ತಿದರೆ ನಿಲ್ಲಿಸದೆ ಒಂದೇ ವೇಗದಲ್ಲಿ ಓಡಿಸಿ ಅಂತ ಪುಸ್ತಕದಲ್ಲಿದೆ. ಕಳೆದ ತಿಂಗಳು ಎರಡು ಸಲ, ಕೆಲಸ ಇಲ್ಲದೆ, ಲೋಡ್ ಇಲ್ಲದೆ, ಬರೀ ಮಸಿ ಸುಡೋಕೆ ಅಂತ ಕುಶಾಲನಗರ ದಾಟಿ ಬೈಲಕುಪ್ಪೆ ಆಚೆವರೆಗೆ ಹೋಗಿ ಬಂದಿದ್ದೇನೆ. ಕೊಡುವಾಗ ಇದರ ಬಗ್ಗೆ ಒಂದು ಮಾತು, ಒಂದೇ ಒಂದು ಮಾತು ಹೇಳಿದಿರಾ? ನಿಮ್ಮ ಓಡಾಟ ಎಷ್ಟು ದೂರ ಅಂತ ಕೇಳಿದಿರಾ? ಸೀಟ್ ಕವರ್ ಯಾವ ಬಣ್ಣ ಅಂತ ನಾಲ್ಕು ಸಲ ಕೇಳಿದ್ದೀರಿ.

ಸಾವಿರ ಕಿಲೋಮೀಟರಿಗೆ 14ರ ಲೆಕ್ಕದಲ್ಲಿ 71 ಲೀಟರ್ ಸಾಕು. 8.3ರ ಲೆಕ್ಕದಲ್ಲಿ 120. ಲೀಟರಿಗೆ ತೊಂಬತ್ತೇ ಅಂತ ಹಿಡಿದರೂ 4,400 ರೂಪಾಯಿ ಹೆಚ್ಚು. ಹತ್ತು ಆಳಿನ ಒಂದು ದಿನದ ಸಂಬಳ ಹೊಗೆಯಾಗಿ ಹೋಯಿತು. ಕುಯ್ಲಿನ ತಿಂಗಳಲ್ಲಿ ನನ್ನ ಗಾಡಿ ಸಾವಿರಕ್ಕೆ ನಿಲ್ಲೋದಿಲ್ಲ.

ಹಾಗಂತ ಗಾಡಿ ಕೆಟ್ಟದ್ದು ಅನ್ನೋಕೂ ಬಾಯಿ ಬರೋದಿಲ್ಲ. ಎಳೆಯೋದರಲ್ಲಿ ಮಾತಿಲ್ಲ. ಮೊನ್ನೆ ಇಪ್ಪತ್ತು ಮೂಟೆ ಹೇರಿ ನಮ್ಮ ಎರಡನೇ ಏರು ಹತ್ತಿಸಿದೆ, ಹಳೇ ಜೀಪಾಗಿದ್ದರೆ ಎರಡು ಟ್ರಿಪ್ ಆಗುತ್ತಿತ್ತು. ಮಾರೋಣ ಅಂದರೆ ವರ್ಷ ತುಂಬದ ಗಾಡಿಗೆ ಕೇಳುವ ರೇಟು ಕೇಳಿ ಎದೆ ಒಡೆಯುತ್ತದೆ, ಸಾಲದ ಕಂತು ಇನ್ನೂ ನಾಲ್ಕು ವರ್ಷ. ಇಟ್ಟುಕೊಳ್ಳಲೇಬೇಕು, ಓಡಿಸಲೇಬೇಕು. 14 ಬೇಡ, 11 ಬಂದರೂ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. 'ನಿಮ್ಮ ರಸ್ತೆಗೆ ಎಂಟೂವರೆ ಒಂಬತ್ತೇ ಬರೋದು ಸರ್, ಲೆಕ್ಕ ಹಾಕಿ ತಗೊಳ್ಳಿ' ಅಂತ ಮೊದಲೇ ಹೇಳಿದ್ದರೆ, ಆಗಲೂ ತಗೊಳ್ಳುತ್ತಿದ್ದೆನೇನೋ. ಹೇಳಲಿಲ್ಲ. ಈಗ ಕೇಳಿದರೆ ತಪ್ಪು ನನ್ನ ಕಾಲಿನದ್ದು ಅಂತ ಬರೆದು ನನ್ನ ಕೈಯಲ್ಲೇ ಸಹಿ ಹಾಕಿಸಿಕೊಂಡರು.

ಗ್ರಾಹಕರ ಆಯೋಗಕ್ಕೆ ಹೋಗಿ ಅಂತ ಹೇಳುವವರು ಇದ್ದಾರೆ. 2019ರ ಕಾಯಿದೆ ಬಂದ ಮೇಲೆ ನಾವು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಮೈಸೂರಿಗೆ ಅಲೆಯಬೇಕಾಗಿಲ್ಲ, ಮಡಿಕೇರಿ ಸಾಕು. ಸರಿ. ಆದರೆ ಅವರು ಈ ಹಳದಿ ಕಾಗದದ ಇನ್ನೊಂದು ಪ್ರತಿ ತಂದು ಮುಂದಿಟ್ಟರೆ ನಾನು ಎಂತ ಹೇಳಲಿ? ಕೀ ಕೊಡಲಿಲ್ಲ, ಕತ್ತಲಾಗುತ್ತಿತ್ತು, ಆನೆ ಇತ್ತು ಅಂತ ಹೇಳಲಾ? ಗೊತ್ತಿದ್ದವರು ಹೇಳಿ, ಇಂಥ ಸಹಿ ಹಾಕಿದ ಮೇಲೂ ದೂರು ನಿಲ್ಲುತ್ತದಾ? ವಕೀಲರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಉತ್ತರ ಕೊಡಿ.

ನಾಪೋಕ್ಲು, ಭಾಗಮಂಡಲ, ಶನಿವಾರಸಂತೆ, ಪೊನ್ನಂಪೇಟೆ, ಎಲ್ಲಿಯವರೇ ಆಗಲಿ, ಟರ್ಬೊ ಪಿಕಪ್ ಇಟ್ಟುಕೊಂಡು ತೋಟದ ಕೆಲಸ ಮಾಡುವವರು ನಿಮಗೆ ಎಷ್ಟು ಬರುತ್ತಿದೆ ಅಂತ ಬರೆಯಿರಿ. ಡಿಸ್‌ಪ್ಲೇ ನೋಡಿ ಬರೆಯಬೇಡಿ. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ತೆಗೆದ ಲೆಕ್ಕ ಬೇಕು, ಲೋಡ್ ಎಷ್ಟಿತ್ತು ಅನ್ನೋದೂ ಬೇಕು. ನಿಮಗೆ 12 ಬರುತ್ತಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ, ನನ್ನ ಗಾಡಿಯಲ್ಲೇ ದೋಷ ಅಂತ ಆದರೂ ಗೊತ್ತಾಗಲಿ. ಎಂಟು ಬರುತ್ತಿದ್ದರೆ ಇಷ್ಟು ದಿನ ಎಂತಕ್ಕೆ ಸುಮ್ಮನಿದ್ದಿರಿ ಹೇಳಿ.

ಮಗಳು ಆಗಲೇ ಡೈರಿಯ ಎಲ್ಲ ಪುಟಗಳ ಫೋಟೋ ತೆಗೆದಿಟ್ಟಿದ್ದಾಳೆ. ನಾಳೆ ಬೆಳಿಗ್ಗೆ ಆರಕ್ಕೆ ಮೂಟೆ ಹೇರಬೇಕು. ಮುಳ್ಳು ಕೆಳಗೆ ಬಂದಿದೆ, ಮೊದಲು ಸುಂಟಿಕೊಪ್ಪಕ್ಕೆ ಹೋಗಿ ಡೀಸೆಲ್ ಹಾಕಿಸಬೇಕು.