ಸತ್ಯಾಂಶ: ಮೈಮುರಿದು ದುಡಿಯುವವರಿಗೆ ಬೊಜ್ಜು ಬರುವುದೇ ಇಲ್ಲವೇ?

‘ಬೊಜ್ಜು ಎಂಬುದು ಕಚೇರಿ ಕುರ್ಚಿಯವರ ಕಾಯಿಲೆ, ದುಡಿಯುವ ಕೈಗಳ ಹತ್ತಿರ ಅದು ಸುಳಿಯದು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿರುತ್ತದೆ. ಕೇಳಲು ಹಿತವಾಗಿದೆ, ಆದರೆ ಪೂರ್ತಿ ನಿಜವಲ್ಲ.

ದುಡಿಮೆಯೆಲ್ಲ ಓಡಾಟವಲ್ಲ. ಗಾರ್ಮೆಂಟ್ಸ್ ಕಾರ್ಖಾನೆಯ ಹೊಲಿಗೆ ಸಾಲನ್ನೇ ನೋಡಿ. ಬೆರಳುಗಳು ಬಟ್ಟೆಯನ್ನು ಸೂಜಿಯತ್ತ ತಳ್ಳುತ್ತವೆ, ಪಾದ ಪೆಡಲ್ ಒತ್ತುತ್ತದೆ. ಸೊಂಟ ಮಾತ್ರ ಗಂಟೆಗಟ್ಟಲೆ ಸ್ಟೂಲಿಗೆ ಅಂಟಿಕೊಂಡಿರುತ್ತದೆ. ಬೀಡಿ ಕಟ್ಟುವವರು, ಲಾರಿ ಚಾಲಕರು, ಜೆಸಿಬಿ ನಡೆಸುವವರ ಪಾಡೂ ಅಷ್ಟೆ. ಸಂಜೆಗೆ ಮೈಯೆಲ್ಲ ನೋವು, ನಿಜ. ಆದರೆ ನೋವಾದಷ್ಟೂ ಕ್ಯಾಲೊರಿ ಕರಗಿದೆ ಎಂದರ್ಥವಲ್ಲ.

1950ರ ದಶಕದಲ್ಲಿ ಲಂಡನ್ನಿನ ಜೆರ್ರಿ ಮಾರಿಸ್ ಎಂಬ ವೈದ್ಯವಿಜ್ಞಾನಿ ಡಬಲ್ ಡೆಕ್ಕರ್ ಬಸ್ಸಿನ ಸಿಬ್ಬಂದಿಯನ್ನು ಹೋಲಿಸಿ ನೋಡಿದರು. ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ ಕುಳಿತೇ ಇರುವ ಡ್ರೈವರುಗಳಲ್ಲಿ ಹೃದಯಾಘಾತ ಹೆಚ್ಚಿತ್ತು. ಆಮೇಲೆ ಸಮವಸ್ತ್ರದ ಅಳತೆ ನೋಡಿದರೆ ಡ್ರೈವರುಗಳ ಪ್ಯಾಂಟಿನ ಸೊಂಟವೂ ದೊಡ್ಡದು! ಆದರೆ ಇನ್ನೂ ಹೆಚ್ಚು ವರ್ಷ ಕುಳಿತು ದುಡಿದಿರದ ಚಿಕ್ಕ ವಯಸ್ಸಿನ ಡ್ರೈವರುಗಳಲ್ಲೂ ಸೊಂಟದ ಆ ವ್ಯತ್ಯಾಸ ಕಂಡದ್ದರಿಂದ ತಪ್ಪನ್ನೆಲ್ಲ ಸೀಟಿನ ಮೇಲೆ ಹೊರಿಸುವಂತಿಲ್ಲ.

ಊಟ, ನಿದ್ದೆ, ರಾತ್ರಿ ಪಾಳಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಚಹಾವನ್ನೇ ತೆಗೆದುಕೊಳ್ಳಿ: ಎರಡು ಚಮಚ ಸಕ್ಕರೆಯಂತೆ ದಿನಕ್ಕೆ ಆರು ಲೋಟವಾದರೆ ಸಕ್ಕರೆಯಿಂದಲೇ ಸುಮಾರು 200 ಕ್ಯಾಲೊರಿ.

ಮೂಟೆ ಹೊರುವ ಹಮಾಲರ ವಿಷಯ ಬೇರೆ. ಅವರಲ್ಲೂ ಕೆಲಸ ಬಿಟ್ಟ ಮೇಲೆ ಊಟ ಹಾಗೆಯೇ ಉಳಿದರೆ ಹೊಟ್ಟೆ ಬೆಳೆಯುತ್ತದೆ. ಭಾರತೀಯರಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮುಟ್ಟಿದರೆ ವೈದ್ಯರು ಎಚ್ಚರಿಸುತ್ತಾರೆ, ಕೆಲಸ ಯಾವುದೇ ಇರಲಿ.