ಕತ್ತಿ ಒಂದು, ಕಲ್ಲು ಐದು

ನಮ್ಮ ಮನೆಯಲ್ಲಿ ಗಡ್ಡ ಮಾಡುವ ಕತ್ತಿ ಇರೋದು ಒಂದೇ. ಅದನ್ನು ಮಸೆಯುವ ಕಲ್ಲು ಮಾತ್ರ ಐದಿವೆ. ಐದರಲ್ಲಿ ಒಂದಕ್ಕೆ ಕತ್ತಿಯ ಸಹವಾಸವೇ ಇಲ್ಲ. ಉಳಿದ ನಾಲ್ಕು ಕಲ್ಲುಗಳನ್ನು ಉಜ್ಜಿ ಮಟ್ಟ ಮಾಡುವುದಷ್ಟೇ ಅದರ ಕೆಲಸ. ಇದನ್ನು ಹೆಂಡತಿಗೆ ವಿವರಿಸಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಆ ಕಲ್ಲನ್ನ ಮಟ್ಟ ಮಾಡೋಕೆ ಯಾವ ಕಲ್ಲು ತರ್ತೀರಿ?" ಎಂದಳು. ಒಳ್ಳೆಯ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕತ್ತಿಯ ವಿಷಯ. ಈಗ ಸಲೂನ್‌ಗಳಲ್ಲಿ ಕಾಣೋದು ಅರ್ಧ ಬ್ಲೇಡ್ ಮುರಿದು ಸಿಕ್ಕಿಸುವ ಕತ್ತಿ. ಗಿರಾಕಿಗೊಂದು ಹೊಸ ಬ್ಲೇಡ್, ಮುಗಿದ ಮೇಲೆ ಕಸದ ಡಬ್ಬಿ. ಮಸೆಯುವ ಮಾತೇ ಇಲ್ಲ. ನನ್ನದು ಹಳೇ ಕಾಲದ ಜಾತಿ. ಒಂದು ಅಲಗು, ಒಂದು ಹಿಡಿ, ಎರಡನ್ನೂ ಸೇರಿಸುವ ಒಂದು ಪಿನ್ನು. ಬೆನ್ನು ದಪ್ಪ, ಬಾಯಿಯ ಕಡೆಗೆ ಬರ್ತಾ ಬರ್ತಾ ಕಾಗದದಷ್ಟು ತೆಳು. ದಿನಾ ಗಡ್ಡ ಮಾಡುವ ಮುಂಚೆ ಚರ್ಮದ ಪಟ್ಟಿಗೆ ತಿಕ್ಕಬೇಕು, ಮೊಂಡಾದಾಗ ಕಲ್ಲಿಗೆ ಹಾಕಬೇಕು. ಬ್ಲೇಡಿನ ಖರ್ಚು ಉಳಿಯುತ್ತೆ ಅಂತ ಮನೆಯಲ್ಲಿ ವಾದಿಸಿ ತರಿಸಿಕೊಂಡಿದ್ದು. ಆ ವಾದದ ವಿಷಯ ಈಗ ನಮ್ಮಲ್ಲಿ ಯಾರೂ ಎತ್ತುವುದಿಲ್ಲ.

ಕಲ್ಲಿಗಾಗಿ ಮೊದಲು ಹೋಗಿದ್ದು ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಹಾರ್ಡ್‌ವೇರ್ ಅಂಗಡಿಗೆ. 

"ಮಸೆಯೋ ಕಲ್ಲು ಕೊಡಿ."

"ಯಾವುದಕ್ಕೆ ಸಾರ್? ಮಚ್ಚಿಗಾ, ಚಾಕುಗಾ?"

"ಗಡ್ಡಕ್ಕೆ."

ಅಂಗಡಿಯವರು ಕನ್ನಡಕ ತೆಗೆದು ನನ್ನ ಗಡ್ಡ ನೋಡಿದರು. ಅಂಥ ಗಟ್ಟಿ ಗಡ್ಡವೇನಲ್ಲ ಅಂತ ಅವರಿಗೂ ಅನ್ನಿಸಿರಬೇಕು. ಆಮೇಲೆ ಎರಡು ಮುಖದ ಕಾರ್ಬೊರಂಡಂ ಕಲ್ಲೊಂದನ್ನು ಮುಂದಿಟ್ಟು, "ಈ ಕಡೆ ತರಿ, ಈ ಕಡೆ ನೈಸ್" ಎಂದರು. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ವಿದ್ಯುತ್ ಕುಲುಮೆಯಲ್ಲಿ ಹುಟ್ಟಿಸಿದ ವಸ್ತು ಅದು. ವಜ್ರದಷ್ಟಲ್ಲದಿದ್ದರೂ ಬಹಳ ಗಡಸು. ಮಚ್ಚಿಗೆ ಬೊಂಬಾಟ್. ಆದರೆ ಅವರ ನೈಸ್ ಮುಖ ನನ್ನ ಕತ್ತಿಗೆ ಟಾರು ಹಾಕುವ ಮುಂಚಿನ ಜಲ್ಲಿ ರಸ್ತೆ ಇದ್ದ ಹಾಗೆ. ಅಷ್ಟು ಹೊತ್ತು ಮಾತಾಡಿಸಿದ ಮೇಲೆ ಬರಿಗೈಲಿ ಬರೋದು ಹೇಗೆ? ಕೊಂಡೆ. ಅಮ್ಮ ಈಗ ಅದರಲ್ಲಿ ಈಳಿಗೆಮಣೆ ಮಸೆಯುತ್ತಾರೆ. ಅದು ಅಡುಗೆಮನೆಯ ಲೆಕ್ಕ, ನನ್ನ ಐದರಲ್ಲಿ ಸೇರಿಲ್ಲ.

ಗಡ್ಡದ ಕತ್ತಿಯ ಕಲ್ಲುಗಳಿಗೆ ನಂಬರು ಇರುತ್ತೆ. ನಂಬರು ಏರಿದಷ್ಟೂ ಕಲ್ಲಿನ ಕಣ ಸಣ್ಣ. ಜಪಾನಿನ ಅಳತೆಯಲ್ಲಿ 1000 ನಂಬರಿನ ಕಲ್ಲಿನ ಕಣ ಹತ್ತು ಹದಿನೈದು ಮೈಕ್ರಾನ್, ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. 8000ಕ್ಕೆ ಬಂದರೆ ಒಂದೆರಡು ಮೈಕ್ರಾನ್ ಅಷ್ಟೆ. ತಲೆಕೂದಲಿನ ದಪ್ಪ 70ರ ಆಸುಪಾಸು ಅಂತ ಇಟ್ಟುಕೊಂಡರೆ ಅಂದಾಜು ಸಿಗುತ್ತೆ. ಹೊಸದಾಗಿ ಈ ಹುಚ್ಚು ಹಿಡಿದವರೆಲ್ಲ ಮೊದಲು ಆಸೆಪಡೋದು 12000ಕ್ಕೆ. ನಂಬರು ದೊಡ್ಡದಿದ್ದರೆ ಕಲ್ಲೂ ದೊಡ್ಡದು ಅನ್ನುವ ನಂಬಿಕೆ. ಇನ್ನೂ ಮುಂದೆ ಹೋದವರು ಕ್ಯೋಟೋ ಸುತ್ತಲಿನ ಬೆಟ್ಟಗಳಲ್ಲಿ ತೆಗೆದ ಹಳೆಯ ಜಪಾನಿ ಕಲ್ಲುಗಳ ಹಿಂದೆ ಬೀಳುತ್ತಾರೆ. ಲಕ್ಷ ರೂಪಾಯಿ ದಾಟಿದ ಕಲ್ಲುಗಳೂ ಅಲ್ಲಿವೆ. ಲಕ್ಷದ ಕಲ್ಲಲ್ಲಿ ಮಸೆದು ಗಡ್ಡ ಮಾಡಿಕೊಂಡರೂ ಸಂಜೆಗೆ ಗಡ್ಡ ಬಂದೇ ಬರುತ್ತೆ. ಅದು ಬೇರೆ ಮಾತು.

ನನ್ನ ಕೇಳಿದರೆ ದುಡ್ಡು ಹಾಕಬೇಕಾದ್ದು 1000ಕ್ಕೆ. ಬಾಯಿ ಕಟ್ಟುವುದು ಅದೇ. ಅಂದರೆ ಅಲಗಿನ ಎರಡೂ ಇಳಿಜಾರು ಒಂದೇ ಗೆರೆಯಲ್ಲಿ ಬಂದು ಕೂಡುವಂತೆ ಮಾಡುವುದು. ಅಲ್ಲಿ ಕೂಡದಿದ್ದರೆ 4000, 8000ಕ್ಕೆ ಹೋಗಿ ಪ್ರಯೋಜನವಿಲ್ಲ. ಅವು ಹಿಂದಿನ ಕಲ್ಲಿನ ಗೀರು ಅಳಿಸುತ್ತವೆ ಅಷ್ಟೆ. ಮೊಂಡು ಕತ್ತಿಯನ್ನು 12000ಕ್ಕೆ ತಿಕ್ಕಿದರೆ ಸಿಗೋದು ಫಳಫಳ ಹೊಳೆಯುವ ಮೊಂಡು ಕತ್ತಿ.

ಇಷ್ಟೆಲ್ಲ ತಿಳಿದೂ ಬೆಲ್ಜಿಯಂ ಕಲ್ಲಿನ ಆಸೆ ಬಿಡಲಿಲ್ಲ ನೋಡಿ. ಕತ್ತಿ ತಂದುಕೊಟ್ಟವನು ಜರ್ಮನಿಯ ಡಸೆಲ್ಡಾರ್ಫಿನಲ್ಲಿ ಕೆಲಸದಲ್ಲಿರುವ ನನ್ನ ಚಿಕ್ಕಪ್ಪನ ಮಗ. ಅವನಿರುವ ಊರಿನ ಹತ್ತಿರವೇ ಸೋಲಿಂಗನ್. ಶತಮಾನಗಳಿಂದ ಕತ್ತಿ, ಚಾಕು, ಕತ್ತರಿಗೆ ಹೆಸರಾದ ಊರು. ಬೇರೆ ಕಡೆ ಮಾಡಿದ ಅಲಗಿನ ಮೇಲೆ ಆ ಊರಿನ ಹೆಸರು ಹೊಡೆಯದಂತೆ 1938ರಲ್ಲೇ ಕಾನೂನು ಮಾಡಿಕೊಂಡಿದ್ದಾರೆ. ಕತ್ತಿಯ ಜೊತೆಗೆ ಒಂದು ಕೋಟಿಕ್ಯೂಲ್ ಕಲ್ಲೂ ತಗೊಂಡು ಬಾರೋ ಎಂದಿದ್ದೆ. ಬೆಲ್ಜಿಯಂನ ಆರ್ಡೆನ್ ಗುಡ್ಡಗಳಲ್ಲಿ, ವಿಯೆಲ್ಸಾಮ್ ಎಂಬ ಊರಿನ ಸುತ್ತ ಸಿಗುವ ಹಳದಿ ಕಲ್ಲು ಅದು. ಒಳಗೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಗಾರ್ನೆಟ್ ಹರಳು. ನೆಲದಲ್ಲಿ ತೆಳ್ಳನೆಯ ಪದರವಾಗಿ ಸಿಗುವುದರಿಂದ ಕೆಳಗೆ ಸ್ಲೇಟು ಕಲ್ಲಿನ ಆಸರೆ ಕೊಟ್ಟು ಮಾರುತ್ತಾರೆ.

ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ದೊಡ್ಡ ಪೆಟ್ಟಿಗೆಯೊಳಗಿದ್ದ ಕತ್ತಿಯ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲವಂತೆ. ಕಲ್ಲನ್ನು ಹಿಡಿದರು.

"ಏನ್ರೀ ಇದು?"

"ಕಲ್ಲು ಸಾರ್. ಕತ್ತಿ ಮಸೆಯೋದು."

"ಬೆಲ್ಜಿಯಂನಿಂದ? ಯಾಕೆ, ನಮ್ಮಲ್ಲಿ ಕಲ್ಲಿಗೆ ಬರವಾ?"

ತಿರುಗಿಸಿ, ಮೂಸಿ, ಪಕ್ಕದವರಿಗೂ ತೋರಿಸಿ, ಕೊನೆಗೆ ಹುಡುಗನ ಮೇಲೆ ಕನಿಕರಪಟ್ಟು ಬಿಟ್ಟರಂತೆ. ಅವರು ಕೇಳಿದ್ದರಲ್ಲಿ ತಪ್ಪೇನಿದೆ? ನಮ್ಮದು ಹಾಸನ ಜಿಲ್ಲೆ. ಬೇಲೂರು, ಹಳೇಬೀಡಿನವರು ಪರದೇಶದಿಂದ ಕಲ್ಲು ತರಿಸಿದರೆ ಯಾರಾದರೂ ನಗ್ತಾರೆ. ಆದರೆ ಅಲ್ಲಿಯ ಕಲ್ಲು ಮೆತ್ತನೆಯದು. ಮದನಿಕೆಯ ಬಳೆ, ಬೈತಲೆ ಕೆತ್ತೋಕೆ ಸರಿ, ಉಕ್ಕಿಗೆ ಬಾಯಿ ಕಟ್ಟೋಕೆ ಆಗಲ್ಲ.

ಇನ್ನು ಮಟ್ಟದ ವಿಚಾರ. ನನ್ನ ತಲೆ ತಿಂದಿದ್ದು, ಮನೆಯವರ ಮರ್ಯಾದೆ ಕಳೆದಿದ್ದು ಇದೇ.

ಗಡ್ಡದ ಕತ್ತಿಯನ್ನು ಚಾಕುವಿನ ಥರ ಓರೆಯಾಗಿ ಹಿಡಿಯುವುದಿಲ್ಲ. ಪೂರ್ತಿ ಮಲಗಿಸುತ್ತಾರೆ. ದಪ್ಪ ಬೆನ್ನೂ ತೆಳು ಬಾಯಿಯೂ ಒಟ್ಟಿಗೆ ಕಲ್ಲಿಗೆ ತಾಗಬೇಕು. ಓರೆ ಎಷ್ಟು ಅನ್ನುವುದನ್ನು ಬೆನ್ನೇ ನೋಡಿಕೊಳ್ಳುತ್ತೆ. ತಳ್ಳುವಾಗ ಬಾಯಿ ಮುಂದೆ, ತಿರುಗಿಸುವಾಗ ಬೆನ್ನಿನ ಮೇಲೆ ಮಗುಚಬೇಕು. ಚರ್ಮದ ಪಟ್ಟಿಯಲ್ಲಾದರೆ ಉಲ್ಟಾ, ಬೆನ್ನು ಮುಂದೆ. ಇದನ್ನು ಮರೆತರೆ ಪಟ್ಟಿ ಎರಡಾಗುತ್ತೆ. ಈಗ ಕಲ್ಲಿನ ನಡುವೆ ಕೂದಲೆಳೆಯಷ್ಟು ತಗ್ಗಿದ್ದರೂ ಬಾಯಿ ಅಲ್ಲಿ ತಾಗುವುದೇ ಇಲ್ಲ. ಕಲ್ಲು ಉಪಯೋಗಿಸಿದಷ್ಟೂ ನಡುವೆ ಸವೆಯುತ್ತೆ. ಹೊಸ ಕಲ್ಲೂ ಮಟ್ಟವಾಗಿರುತ್ತೆ ಅಂತ ನಂಬುವ ಹಾಗಿಲ್ಲ.

ಪರೀಕ್ಷೆ ಸುಲಭ. ಕಲ್ಲಿನ ಮೇಲೆ ಪೆನ್ಸಿಲಿನಲ್ಲಿ ಅಡ್ಡ, ಉದ್ದ ಗೆರೆ ಎಳೆದು ಚೌಕುಳಿ ಹಾಕಿ. ದಪ್ಪ ಗಾಜಿನ ಮೇಲೆ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಉಪ್ಪುಕಾಗದ, ಹಾಸಿ, ನೀರು ಚಿಮುಕಿಸಿ, ಕಲ್ಲನ್ನು ಕವುಚಿ ಎಂಟರ ಆಕಾರದಲ್ಲಿ ಉಜ್ಜಿ. ಮೊದಲು ನಾಲ್ಕು ಮೂಲೆಯ ಗೆರೆ ಮಾಯವಾಗುತ್ತೆ. ಆಮೇಲೆ ಅಂಚು. ನಡುವೆ ಮೊಟ್ಟೆಯಾಕಾರದಲ್ಲಿ ಒಂದಷ್ಟು ಚೌಕ ಮಾತ್ರ ಹಾಗೇ ಉಳಿದು ನಿಮ್ಮನ್ನೇ ನೋಡುತ್ತೆ. ತಗ್ಗು ಇರೋದು ಅಲ್ಲೇ. ಉಜ್ಜಿದಂತೆ ಆ ಮೊಟ್ಟೆ ಸಣ್ಣದಾಗುತ್ತಾ ಗೋಲಿಯಷ್ಟಾಗುತ್ತೆ, ಕಡೆಗೊಂದು ಚುಕ್ಕೆ. ಆ ಚುಕ್ಕೆ ಹೋಗೋದು ಮಾತ್ರ ಸಾಲದ ಕಡೇ ಕಂತಿನಷ್ಟೇ ನಿಧಾನ.

ಗಾಜಿಗೆ ಎಲ್ಲಿ ಹೋಗೋದು? ಈಗಿನ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ಮಾಡುತ್ತಾರೆ, ಮಟ್ಟಕ್ಕೆ ಹೆಸರುವಾಸಿ. ಹಾಲ್‌ನಲ್ಲಿ ಟೀಪಾಯಿಯ ಮೇಲೆ ಅಂಥದ್ದೊಂದು ಸುಮ್ನೆ ಬಿದ್ದಿತ್ತು. ಅದನ್ನೆತ್ತಿ ಬಚ್ಚಲಿಗೆ ಒಯ್ದೆ. 2024ರ ಬೇಸಿಗೆ ಅದು. ಬೆಂಗಳೂರಿನಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಆ ಪಟ್ಟಿಯಲ್ಲಿ ಕಲ್ಲು ತೊಳೆಯುವವರ ಸುದ್ದಿ ಇರಲಿಲ್ಲವಾದ್ದರಿಂದ ನಲ್ಲಿ ಸಣ್ಣಗೆ ಬಿಟ್ಟುಕೊಂಡು ಉಜ್ಜುತ್ತಿದ್ದೆ. ನೀರಿನ ಸದ್ದು, ಅದರ ಮೇಲೆ ಕರಕರ ಸದ್ದು. ಕೆಳಗಿನ ಮನೆಯ ಓನರ್ ಅಂಕಲ್ ಮೇಲೆ ಬಂದರು.

ಹೆಂಡತಿ ಕೂರಿಸಿ ಕಾಫಿ ಕೊಟ್ಟಳು. ಅಂಕಲ್ ಸೋಫಾದಲ್ಲಿ ಕೂತು, ಸಂಪು ಬತ್ತಿರುವುದು, ಟ್ಯಾಂಕರಿನವರು ಫೋನ್ ಎತ್ತದಿರುವುದು, ಬಾಡಿಗೆದಾರರ ಜವಾಬ್ದಾರಿ, ಎಲ್ಲ ಹೇಳುತ್ತಾ ಎರಡು ಗುಟುಕು ಕುಡಿದು, ಅಭ್ಯಾಸಬಲದಿಂದ ಲೋಟವನ್ನು ಟೀಪಾಯಿಯ ಮೇಲೆ ಇಟ್ಟರು. ಟೀಪಾಯಿಗೆ ಕಾಲಿತ್ತು, ಚೌಕಟ್ಟಿತ್ತು. ಮೇಲಿರಲಿಲ್ಲ. ಸ್ಟೀಲ್ ಲೋಟ ನೇರ ಅವರ ಪಾದದ ಮೇಲೆ ಇಳಿಯಿತು. ಬಿಳಿ ಪಂಚೆ ಬೇರೆ. ನಾನು ಹೊರಗೆ ಓಡಿಬಂದಾಗ ಕೈಯಲ್ಲಿ ಕಲ್ಲಿತ್ತು. ಅಂಕಲ್ ಒಮ್ಮೆ ಕಲ್ಲು ನೋಡಿದರು, ಒಮ್ಮೆ ನನ್ನ ನೋಡಿದರು. ಬಾಡಿಗೆಯ ವಿಷಯ ಇನ್ನೊಂದು ದಿನ ಮಾತಾಡೋಣ ಎಂದು ಹೊರಟೇಬಿಟ್ಟರು. ಆ ವರ್ಷ ಬಾಡಿಗೆ ಏರಲಿಲ್ಲ. ಇದಕ್ಕೂ ಕಲ್ಲಿಗೂ ಸಂಬಂಧ ಇದೆ ಅಂತ ನಾನು ಹೇಳೋದಿಲ್ಲ.

ಅದಾದ ಮೇಲೆಯೇ ಬಂದಿದ್ದು ಐದನೆಯ ಕಲ್ಲು. ಹೆಸರಿಗೆ ಕಲ್ಲು, ನಿಜಕ್ಕೂ ಅದು ವಜ್ರದ ಪುಡಿ ಕೂರಿಸಿದ ಲೋಹದ ಹಲಗೆ. 400 ನಂಬರು. ನೀರಿನ ಚೊಂಬಿನ ಪಕ್ಕ ಕೂತು ಐದು ನಿಮಿಷ ಉಜ್ಜಿದರೆ ಕೆಲಸ ಮುಗೀತು. ಮನೆಗೆ ವಜ್ರ ಬಂದಿದೆ ಅಂತ ಹೆಂಡತಿಗೆ ಹೇಳಿದ್ದೆ. ಆ ಮಾತನ್ನು ಸ್ವಲ್ಪ ಯೋಚಿಸಿ ಹೇಳಬಹುದಿತ್ತು.

ಅವಳ ಪ್ರಶ್ನೆಗೆ ಉತ್ತರ ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್ವರ್ತ್ ಹತ್ತಿರ ಇತ್ತು. 1840ರಲ್ಲಿ ಗ್ಲಾಸ್ಗೋದ ಸಭೆಯೊಂದರಲ್ಲಿ ಆತ ಇದನ್ನು ವಿವರಿಸಿದ್ದ. ಎರಡು ಹಲಗೆಗಳನ್ನು ಒಂದಕ್ಕೊಂದು ತೀಡಿದರೆ ಒಂದು ತಗ್ಗಾಗಿ ಇನ್ನೊಂದು ಉಬ್ಬಿ ಎರಡೂ ಚೆನ್ನಾಗಿ ಹೊಂದಿಕೊಂಡು ಕೂತುಬಿಡಬಹುದು. ಮೂರು ಇಟ್ಟುಕೊಂಡು ಸರದಿಯಲ್ಲಿ ಜೋಡಿ ಬದಲಿಸುತ್ತಾ ಹೋದರೆ ಮೂರೂ ಮಟ್ಟವಾಗದೆ ವಿಧಿಯಿಲ್ಲ. ಯಾವ ಅಳತೆಗೋಲೂ ಬೇಡ. ಎಷ್ಟು ಚೆಂದದ ಉಪಾಯ ಅಲ್ವಾ? ಉತ್ಸಾಹದಿಂದ ಹೇಳಿದೆ. ಅವಳು ಕೇಳಿ, "ಅಂದ್ರೆ ಮೂರು ಕಲ್ಲಿದ್ರೆ ಸಾಕಿತ್ತು ಅಂತಾಯ್ತು" ಎಂದಳು.

ಅರಸೀಕೆರೆಯಲ್ಲಿ ನಾನು ಹುಡುಗನಾಗಿದ್ದಾಗಿಂದ ಕ್ಷೌರ ಮಾಡಿಸುತ್ತಿದ್ದ ಹಿರಿಯರ ಅಂಗಡಿ ಇನ್ನೂ ಇದೆ. ಊರಿಗೆ ಹೋದಾಗ ಬೆಲ್ಜಿಯಂ ಕಲ್ಲು ಒಯ್ದು ತೋರಿಸಿದೆ. ಹೆಬ್ಬೆರಳಲ್ಲಿ ಸವರಿ ನೋಡಿ, "ಚೆನ್ನಾಗದೆ ಸಾರ್" ಎಂದು, ಬಾಗಿಲಿಗೆ ಅಡ್ಡ ಕೊಟ್ಟಿದ್ದ ಕಲ್ಲನ್ನು ಕಾಲಿನಿಂದ ತೋರಿಸಿದರು. ಅವರ ತಂದೆಯ ಕಾಲದ್ದು. ನಡುವೆ ದೋಣಿಯ ಹಾಗೆ ಸವೆದಿತ್ತು. ಇದರ ಮೇಲೆ ಹೇಗೆ ಮಸೀತಿದ್ರಿ ಎಂದರೆ, "ಕತ್ತಿನೂ ಹಂಗೇ ಸವೆದಿರ್ತಿತ್ತಲ್ಲ" ಅಂದುಬಿಟ್ಟರು. ಹಳೆಯ ಕತ್ತಿಗಳ ಬಾಯಿ ಬಿಲ್ಲಿನಂತೆ ಬಾಗಿರುವುದನ್ನು ನೋಡಿದ್ದೆ. ಅವೆರಡೂ ಒಟ್ಟಿಗೆ ಸಂಸಾರ ಮಾಡಿ ಸವೆದವು ಅಂತ ಹೊಳೆದಿರಲಿಲ್ಲ.

ಕತ್ತಿ ಹರಿತವಾಯಿತೇ ಅಂತ ನೋಡೋದು ಮುಂಗೈ ಕೂದಲಿನ ಮೇಲೆ. ತಾಗಿಸಿದ ಕೂಡಲೇ ಉದುರಬೇಕು. ಹೀಗೆ ನೋಡಿ ನೋಡಿ ನನ್ನ ಎಡಗೈ ಅಲ್ಲಲ್ಲಿ ಬೋಳು. ಮದುವೆಮನೆಯಲ್ಲಿ ಬಡಿಸಲು ತೋಳು ಮಡಚಿದ್ದೇ ತಪ್ಪಾಯಿತು. ಹುಳುಕಡ್ಡಿ ಇರಬೇಕು ಅಂತ ಪಂಕ್ತಿಯಲ್ಲೇ ತೀರ್ಮಾನವಾಗಿ, ಸಾಂಬಾರಿನ ಬಕೆಟ್ ನನ್ನ ಕೈಯಿಂದ ಹೋಗಿ, ಒಂದು ಮುಲಾಮಿನ ಹೆಸರು ಬಂತು.

ಅಮ್ಮ 8000ದ ಬಿಳಿ ಕಲ್ಲನ್ನು ದೇವರಮನೆಗೆ ಒಯ್ದು ಗಂಧ ತೇಯ್ದಿದ್ದೂ ಉಂಟು. "ಏನೋ ಇದು, ಅರ್ಧ ಗಂಟೆ ತೇಯ್ದರೂ ಹಣೆಗಿಡುವಷ್ಟೂ ಬರಲಿಲ್ಲ" ಅಂತ ವಾಪಸ್ ಇಟ್ಟರು. ಅವತ್ತಿನ ಗಡ್ಡ ಮಾತ್ರ ಘಮಘಮ.

1000ದ ಕಲ್ಲಿನ ಕಥೆ ಬೇರೆ. ಇಟ್ಟಿಗೆ ಬಣ್ಣದ್ದು. ಮಸೆಯುವ ಮುಂಚೆ ನೀರಲ್ಲಿ ನೆನೆಯಬೇಕು, ಗುಳ್ಳೆ ಬರೋದು ನಿಲ್ಲುವವರೆಗೆ. ಬಚ್ಚಲಿನ ಬಕೆಟ್ಟಿನಲ್ಲಿ ಬಿಟ್ಟಿದ್ದೆ. ತಿಪಟೂರಿನ ಸೋದರತ್ತೆ ಬಂದಿದ್ದರು. ಸ್ನಾನ ಮುಗಿಸಿ ಹೊರಬಂದವರ ಮುಖದಲ್ಲಿ ಎಂಥದೋ ಕಳೆ. 

"ಅದೆಲ್ಲಿ ಸಿಕ್ತಪ್ಪಾ ಆ ಕಾಲುಜ್ಜೋ ಕಲ್ಲು? ಹಿಮ್ಮಡಿ ನೋಡು, ಎಳೇ ಮಗೂದು ಆದಂಗಾಗಿದೆ."

ನಿಜಕ್ಕೂ ಆಗಿತ್ತು. ಕಲ್ಲಿಗೆ ಪೆನ್ಸಿಲ್ ಗೆರೆ ಹಾಕಿ ವಜ್ರದ ಹಲಗೆಗೆ ಉಜ್ಜಿ ನೋಡಿದರೆ, ನಡುವೆ ಅತ್ತೆಯ ಹಿಮ್ಮಡಿಯಷ್ಟೇ ಅಗಲದ ಮೊಟ್ಟೆ. ಮಾತಾಡುವ ಹಾಗಿಲ್ಲ, ಹಿರಿಯರು. ಅವರೇ ಮುಂದುವರಿಸಿದರು. "ಒಂದೇ ಒಂದು ಕೊರತೆ ಅಂದ್ರೆ ತೀರಾ ನಯವಾಯ್ತು. ಮೊದಲು ತರಿ ಇರೋದ್ರಲ್ಲಿ ಒರಟು ತೆಗೆದು, ಆಮೇಲೆ ಇದರಲ್ಲಿ ಉಜ್ಜಿದ್ರೆ ಇನ್ನೂ ಚೆನ್ನಾಗಿರುತ್ತೆ. ಜೋಡಿ ಬರುತ್ತಾ ವಿಚಾರಿಸು."

ಬರುತ್ತೆ. ಒಂದು ಮುಖ 220, ಇನ್ನೊಂದು ಮುಖ 1000 ಇರುವ ಕಲ್ಲುಗಳು ಧಾರಾಳವಾಗಿ ಸಿಗುತ್ತವೆ. ಅತ್ತೆ ತಮ್ಮ ಭಜನಾ ಮಂಡಳಿಯಲ್ಲಿ ಹಿಮ್ಮಡಿ ತೋರಿಸಿಕೊಂಡು ಬಂದಿದ್ದಾರಂತೆ. ಈಗ ಏಳು ಜೋಡಿ ಬೇಕು, ಫಾರಿನ್ ಮಾಲೇ ಆಗಬೇಕು ಅಂತ ಪಟ್ಟಿ ಬಂದಿದೆ. ಚಿಕ್ಕಪ್ಪನ ಮಗ ಡಿಸೆಂಬರಿನಲ್ಲಿ ಬರುತ್ತಾನೆ. ಅವನಿಗೆ ಯಾರು ಹೇಳಬೇಕು ಅನ್ನುವುದು ಇನ್ನೂ ನಿರ್ಧಾರವಾಗಿಲ್ಲ.